ಒಂದೇ ಪ್ರೋಗ್ರಾಮು, ಎರಡು ಉತ್ತರ

ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆ ಇನ್ನೂ ಕಣ್ಣು ಬಿಡುತ್ತಿದ್ದ ದಿನಗಳಲ್ಲಿ ಅಮೆರಿಕದ ಎಂಐಟಿಯ ಸಂಶೋಧನಾ ವಿದ್ಯಾರ್ಥಿ ಜೇಮ್ಸ್ ಸ್ಲೇಗಲ್ ಒಂದು ದೂರು ತಂದರು. ಅವರು ಬರೆದಿದ್ದದ್ದು ನಾಲ್ಕೈದು ಸಾಲಿನ ಒಂದು ಪುಟ್ಟ ಫಂಕ್ಷನ್. ಕಾಗದದ ಮೇಲೆ ಓದಿದರೆ ಅದರಲ್ಲಿ ಎಳ್ಳಷ್ಟೂ ತಪ್ಪು ಕಾಣುವುದಿಲ್ಲ. ಯಂತ್ರಕ್ಕೆ ಕೊಟ್ಟರೆ ಮಾತ್ರ ಎಡವಟ್ಟು. ಭಾಷೆಯ ಜನಕ ಜಾನ್ ಮೆಕಾರ್ಥಿ ಇದೊಂದು ಮಾಮೂಲಿ ಬಗ್ ಎಂದುಕೊಂಡರು. ಜೊತೆಯಲ್ಲಿದ್ದ ಪ್ರೋಗ್ರಾಮರ್ ಸ್ಟೀವ್ ರಸೆಲ್ ಬೇಗನೆ ಸರಿಮಾಡಿಬಿಡುತ್ತಾರೆ ಎಂಬ ಭರವಸೆಯನ್ನೂ ಕೊಟ್ಟರು. ರಸೆಲ್ ಸರಿಮಾಡಿದರು ಕೂಡ. ಆದರೂ ಆ ಬಗ್ ಸಾಯಲಿಲ್ಲ. ಬೇರೆ ಬೇರೆ ವೇಷದಲ್ಲಿ ಮುಂದಿನ 20 ವರ್ಷಕ್ಕೂ ಹೆಚ್ಚು ಕಾಲ ಲಿಸ್ಪ್ ಬಳಸಿದವರನ್ನೆಲ್ಲ ಕಾಡಿತು. ಒಂದು ಪ್ರೋಗ್ರಾಮಿನ ಅರ್ಥವೇನು ಎಂಬ ಪ್ರಶ್ನೆಗೆ ಅದನ್ನು ಓಡಿಸುವ ಎರಡು ವಿಧಾನಗಳು ಎರಡು ಬೇರೆ ಉತ್ತರ ಕೊಡುವ ಪರಿಸ್ಥಿತಿ ಬಂತು.

1958ರ ಶರತ್ಕಾಲದಲ್ಲಿ ಮೆಕಾರ್ಥಿ ಮತ್ತು ಮಾರ್ವಿನ್ ಮಿನ್ಸ್ಕಿ ಎಂಐಟಿಯಲ್ಲಿ ಕೃತಕ ಬುದ್ಧಿಮತ್ತೆಯ ಯೋಜನೆಯೊಂದನ್ನು ಶುರುಮಾಡಿದರು. ಅದಕ್ಕೆ ಲಿಖಿತ ಅರ್ಜಿಯೇ ಇರಲಿಲ್ಲ. ಪ್ರಯೋಗಾಲಯದ ನಿರ್ದೇಶಕ ಜೆರೋಮ್ ವೀಸ್ನರ್ ಏನು ಬೇಕು ಎಂದು ಕೇಳಿದಾಗ ಇಬ್ಬರೂ ಒಂದು ಕೋಣೆ, ಇಬ್ಬರು ಪ್ರೋಗ್ರಾಮರುಗಳು, ಒಬ್ಬ ಕಾರ್ಯದರ್ಶಿ, ಒಂದು ಕೀಪಂಚ್ ಯಂತ್ರ ಎಂದರು. ಅಷ್ಟೂ ಸಿಕ್ಕಿತು, ಜೊತೆಗೆ ಆರು ಜನ ಗಣಿತದ ವಿದ್ಯಾರ್ಥಿಗಳಲ್ಲಿ ಕೆಲವರನ್ನು ನೋಡಿಕೊಳ್ಳುವ ಹೊಣೆಯೂ ಬಂತು. ಈಗ ಒಂದು ಸ್ಟೇಷನರಿ ಖರೀದಿಗೂ ಮೂರು ಪ್ರತಿ ಅರ್ಜಿ ತುಂಬುವವರಿಗೆ ಇದು ಪುರಾಣದ ಕತೆಯಂತೆ ಕೇಳಿಸೀತು.

ಯಂತ್ರ ಐಬಿಎಂ 704, ನಿರ್ವಾತ ಕೊಳವೆಗಳ ಕಾಲದ್ದು. ಭಾಷೆಗೆ ಒಂದು ಕಂಪೈಲರ್ ಬರೆಯಬೇಕೆಂಬುದು ಮೊದಲ ಯೋಚನೆ. ಮನುಷ್ಯ ಬರೆದ ಪ್ರೋಗ್ರಾಮನ್ನು ಮುಂಚಿತವಾಗಿಯೇ ಪೂರ್ತಿ ಯಂತ್ರದ ಆಜ್ಞೆಗಳಾಗಿ ಅನುವಾದಿಸಿ ಇಡುವುದು ಕಂಪೈಲರಿನ ಕೆಲಸ. ಆದರೆ ಆಗತಾನೇ ಬಂದಿದ್ದ ಫೋರ್ಟ್ರಾನ್ ಭಾಷೆಯ ಕಂಪೈಲರಿಗೆ ಸುಮಾರು 30 ಮಾನವ-ವರ್ಷಗಳ ದುಡಿಮೆ ಹಿಡಿದಿತ್ತು. ಇಬ್ಬರು ಪ್ರೋಗ್ರಾಮರುಗಳಿದ್ದ ಕೋಣೆಯಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಒಂದೊಂದೇ ಫಂಕ್ಷನ್ ಅನ್ನು ಕೈಯಿಂದಲೇ ಅಸೆಂಬ್ಲಿ ಭಾಷೆಗೆ ಇಳಿಸುತ್ತ ಹೋದರು.

ಅಷ್ಟರಲ್ಲಿ ಮೆಕಾರ್ಥಿ ತಮ್ಮ ಭಾಷೆ ಎಷ್ಟು ಅಚ್ಚುಕಟ್ಟು ಎಂದು ತೋರಿಸಲು ಒಂದು ಪ್ರಬಂಧ ಬರೆಯುತ್ತಿದ್ದರು. 1960ರ ಏಪ್ರಿಲ್‌ನಲ್ಲಿ ಅದು ಪ್ರಕಟವಾಯಿತು. ಅದರಲ್ಲಿ 'ಇವ್ಯಾಲ್' ಎಂಬ ಒಂದು ಫಂಕ್ಷನ್ ಇತ್ತು: ಯಾವುದೇ ಲಿಸ್ಪ್ ವಾಕ್ಯವನ್ನು ತೆಗೆದುಕೊಂಡು ಅದರ ಬೆಲೆಯೇನೆಂದು ಹೇಳುವ ಫಂಕ್ಷನ್, ಅದೂ ಲಿಸ್ಪ್‌ನಲ್ಲೇ ಬರೆದದ್ದು. ಮೆಕಾರ್ಥಿಗೆ ಅದು ಓದುವುದಕ್ಕೆ, ಸಿದ್ಧಾಂತಕ್ಕೆ. ರಸೆಲ್ ಅದನ್ನು ನೋಡಿ, ಇದನ್ನೇ ಯಂತ್ರಕ್ಕೆ ಇಳಿಸಿದರೆ ಲಿಸ್ಪ್ ಓಡುತ್ತದಲ್ಲ ಎಂದರು. ಸಿದ್ಧಾಂತಕ್ಕೂ ಪ್ರಯೋಗಕ್ಕೂ ಗೊಂದಲ ಮಾಡಿಕೊಳ್ಳುತ್ತಿದ್ದೀರಿ ಎಂದು ಮೆಕಾರ್ಥಿ ಹೇಳಿದರೂ ಕೇಳದೆ ಇಳಿಸಿಯೇ ಬಿಟ್ಟರು. ಲಿಸ್ಪ್‌ಗೆ ಇಂಟರ್‌ಪ್ರಿಟರ್ ಸಿಕ್ಕಿತು. ಕಂಪೈಲರನ್ನು ಇಡೀ ಪುಸ್ತಕ ಅನುವಾದಿಸಿ ಕೊಡುವವರಿಗೆ ಹೋಲಿಸಿದರೆ, ಇಂಟರ್‌ಪ್ರಿಟರ್ ಪಕ್ಕದಲ್ಲಿ ಕೂತು ಸಾಲುಸಾಲಾಗಿ ಅರ್ಥ ಹೇಳುವ ದುಭಾಷಿ. ಕೆಲಸ ನಿಧಾನ. ಆದರೆ ಬರೆದ ಕೂಡಲೇ ಓಡಿಸಿ ನೋಡಬಹುದು.

ಆ ದುಭಾಷಿಯ ಕೈಯಲ್ಲಿ ಒಂದು ಪಟ್ಟಿ ಇರುತ್ತಿತ್ತು, ಹೆಸರು ಎ-ಲಿಸ್ಟ್. ಒಂದು ಫಂಕ್ಷನ್ ಅನ್ನು ಕರೆಯುವಾಗ ಅದಕ್ಕೆ ಕೊಡುವ ಆರ್ಗ್ಯುಮೆಂಟುಗಳನ್ನು, ಅಂದರೆ ಅದಕ್ಕೆ ಕೆಲಸಕ್ಕೆ ಬೇಕಾದ ಸಾಮಗ್ರಿಯನ್ನು, ಹೆಸರು ಮತ್ತು ಬೆಲೆಯ ಜೋಡಿಗಳಾಗಿ ಪಟ್ಟಿಯ ತಲೆಗೆ ಸೇರಿಸುತ್ತಿದ್ದರು. ಫಂಕ್ಷನ್ ಮುಗಿದರೆ ಆ ಜೋಡಿಗಳು ಪಟ್ಟಿಯಿಂದ ಇಳಿಯುತ್ತವೆ. ನಡುವೆ 'ಎಕ್ಸ್' ಎಂಬ ಹೆಸರು ಬಂದರೆ ದುಭಾಷಿ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು ಮೊದಲು ಸಿಕ್ಕ 'ಎಕ್ಸ್'ನ ಬೆಲೆಯನ್ನು ತೆಗೆದುಕೊಳ್ಳುತ್ತಾನೆ. ಇದಕ್ಕಿಂತ ಸರಳವಾದದ್ದು ಬೇಕೆಂದರೂ ಸಿಗದು.

ಸ್ಲೇಗಲ್ ಅವರ ಫಂಕ್ಷನ್ ಮುಗ್ಗರಿಸಿದ್ದು ಇಲ್ಲಿಯೇ. ಒಂದರೊಳಗೊಂದು ಪಟ್ಟಿಗಳಿರುವ ದೊಡ್ಡ ರಚನೆಯಲ್ಲಿ ಏನನ್ನೋ ಹುಡುಕುವುದು ಅದರ ಕೆಲಸ. ಅದನ್ನು ಒಂದು ಹಳೆಯ ತೊಟ್ಟಿಮನೆ ಎಂದುಕೊಳ್ಳಬಹುದು. ನಡುಮನೆಯಲ್ಲಿ ನಿಂತವರು ಬಲಗಡೆಯ ಕೋಣೆಗೆ ಒಬ್ಬ ಹುಡುಗನನ್ನು ಕಳಿಸುತ್ತಾರೆ, ಕೈಗೊಂದು ಚೀಟಿ ಕೊಟ್ಟು: 'ಅಲ್ಲಿ ಸಿಗದಿದ್ದರೆ ಎಡಗಡೆಯ ಕೋಣೆಯಲ್ಲಿ ನೋಡು.' ಹುಡುಗ ಕೋಣೆಯಿಂದ ಒಳಕೋಣೆಗೆ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಏನೂ ಸಿಗದೆ ಕೊನೆಗೆ ಚೀಟಿ ಬಿಚ್ಚುತ್ತಾನೆ. ಎಡಗಡೆ ಎಂದರೆ ಯಾವ ಎಡ? ಚೀಟಿ ಬರೆದವರು ನಿಂತಿದ್ದ ಜಾಗದ ಎಡವೋ, ಚೀಟಿ ಓದುವವನು ಈಗ ನಿಂತಿರುವ ಜಾಗದ ಎಡವೋ? ಬರೆದವರ ಮನಸ್ಸಿನಲ್ಲಿದ್ದದ್ದು ಮೊದಲನೆಯದು. ಲಿಸ್ಪ್ ಇಂಟರ್‌ಪ್ರಿಟರ್ ಹಿಡಿದದ್ದು ಎರಡನೆಯದನ್ನು, ಏಕೆಂದರೆ ಪಟ್ಟಿಯ ತುದಿಯಲ್ಲಿ ಸಿಗುವುದು ತೀರಾ ಈಚಿನ 'ಎಕ್ಸ್'. ಸ್ಲೇಗಲ್ ಫಂಕ್ಷನ್‌ಗೆ ಆರ್ಗ್ಯುಮೆಂಟಾಗಿ ಕೊಟ್ಟ ಇನ್ನೊಂದು ಫಂಕ್ಷನ್ಯೇ ಆ ಚೀಟಿ. ಅದರೊಳಗಿನ 'ಎಕ್ಸ್' ಎಂಬುದು 'ಎಡ'.

ಮುಂದೆ ಈ ಎರಡು ಅರ್ಥಗಳಿಗೆ ಹೆಸರು ಬಂತು. ಹೆಸರನ್ನು ಅದು ಬರೆದ ಜಾಗದಲ್ಲಿ ಅರ್ಥಮಾಡಿಕೊಂಡರೆ ಲೆಕ್ಸಿಕಲ್, ಓಡುವ ಹೊತ್ತಿನಲ್ಲಿ ಯಾರು ಕರೆದರೋ ಅವರ ಸಂದರ್ಭದಲ್ಲಿ ಅರ್ಥಮಾಡಿಕೊಂಡರೆ ಡೈನಮಿಕ್. ಬೇಕಾಗಿದ್ದದ್ದು ಮೊದಲನೆಯದು, ಬಂದದ್ದು ಎರಡನೆಯದು ಎಂದು ಮೆಕಾರ್ಥಿ ತಾವೇ 1978ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ ನಡೆದ ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆಯ ಸಮ್ಮೇಳನಕ್ಕೆ ಬರೆದ ಲೇಖನದಲ್ಲಿ ಒಪ್ಪಿಕೊಂಡರು. ಫಂಕ್ಷನ್‌ಗಳನ್ನು ಬರೆಯುವ ಲ್ಯಾಂಬ್ಡಾ ಚಿಹ್ನೆಯನ್ನು ಅವರು ಅಲೊಂಜೊ ಚರ್ಚ್ ಎಂಬ ತರ್ಕಶಾಸ್ತ್ರಜ್ಞರಿಂದ ತೆಗೆದುಕೊಂಡಿದ್ದರು. ಚರ್ಚ್ ಪುಸ್ತಕದ ಮಿಕ್ಕ ಭಾಗ ತಮಗೆ ಅರ್ಥವಾಗಿರಲಿಲ್ಲ ಎಂದೂ ಅದೇ ಲೇಖನದಲ್ಲಿ ಹೇಳಿಕೊಂಡರು. ತಮ್ಮ ಹೆಸರಿನ ಭಾಷೆಯ ಬಗ್ಗೆ ಇಷ್ಟು ನಿರಾಳವಾಗಿ ಮಾತಾಡುವ ದೊಡ್ಡವರು ಕಡಿಮೆ.

ರಸೆಲ್ ಕಂಡುಹಿಡಿದ ಪರಿಹಾರದ ಹೆಸರು ಫನ್‌ಆರ್ಗ್. ಅದನ್ನು ರೂಪಿಸುವುದರಲ್ಲಿ ಪ್ಯಾಟ್ರಿಕ್ ಫಿಷರ್ ಅವರ ಕೈಯೂ ಇತ್ತು ಎಂದು ಮೆಕಾರ್ಥಿಗೆ ಆಮೇಲೆ ತಿಳಿಯಿತು. ಉಪಾಯ ಇಷ್ಟೇ: ಒಂದು ಫಂಕ್ಷನ್ ಅನ್ನು ಇನ್ನೊಂದಕ್ಕೆ ಆರ್ಗ್ಯುಮೆಂಟಾಗಿ ಕಳಿಸುವಾಗ ಬರಿಯ ಚೀಟಿ ಕಳಿಸಬಾರದು, ಚೀಟಿ ಬರೆದಾಗ ಎದುರಿಗಿದ್ದ ಎ-ಲಿಸ್ಟನ್ನೂ ಜೊತೆಗೆ ಕಟ್ಟಿ ಕಳಿಸಬೇಕು. ಹುಡುಗನ ಕೈಗೆ ಚೀಟಿಯ ಜೊತೆ ಮನೆಯ ನಕ್ಷೆಯನ್ನೂ ಕೊಟ್ಟ ಹಾಗೆ. ಇಂಟರ್‌ಪ್ರಿಟರಿಗೆ ಇದು ಸಲೀಸು, ಪಟ್ಟಿ ಹೇಗೂ ಅದರ ಕೈಯಲ್ಲೇ ಇದೆ. ಸ್ಲೇಗಲ್ ದೂರು ಅಲ್ಲಿಗೆ ಬಗೆಹರಿಯಿತು.

ಅಷ್ಟರಲ್ಲಿ ಕಂಪೈಲರ್ ಬಂತು. 1962ರಲ್ಲಿ ತಿಮೊಥಿ ಹಾರ್ಟ್ ಮತ್ತು ಮೈಕ್ ಲೆವಿನ್ ಲಿಸ್ಪ್‌ನಲ್ಲೇ ಬರೆದ ಈ ಕಂಪೈಲರನ್ನು ಮೊದಲು ಇಂಟರ್‌ಪ್ರಿಟರಿನಲ್ಲಿ ಓಡಿಸಿ, ಅದರ ಕೈಯಿಂದಲೇ ಅದನ್ನೇ ಅನುವಾದಿಸಿದರು. ತಾನೇ ತನ್ನನ್ನು ಹೆತ್ತ ಹಾಗೆ. ಅದು ಕೊಟ್ಟ ವೇಗ ಹತ್ತಾರು ಪಟ್ಟು. ಕಂಪ್ಯೂಟರಿನ ನಿಮಿಷಗಳನ್ನು ಚಿನ್ನದ ಹಾಗೆ ತೂಗಿ ಹಂಚುತ್ತಿದ್ದ ಕಾಲದಲ್ಲಿ ಇಷ್ಟು ವೇಗವನ್ನು ಬೇಡ ಎನ್ನುವವರು ಯಾರು?

ಆ ವೇಗ ಎಲ್ಲಿಂದ ಬಂತು ಎಂದು ನೋಡಿದರೆ ತೊಂದರೆಯೂ ಅಲ್ಲಿಯೇ ಕಾಣುತ್ತದೆ. ಕಂಪೈಲ್ ಆದ ಕೋಡಿಗೆ ಹೆಸರುಗಳು ಬೇಕಿಲ್ಲ. ಲಿಸ್ಪ್ 1.5ರಲ್ಲಿ ಕಂಪೈಲ್ ಆದ ಫಂಕ್ಷನ್‌ಗೆ ಮೊದಲ ಆರ್ಗ್ಯುಮೆಂಟ್ ಯಂತ್ರದ ಎಸಿ ಎಂಬ ರಿಜಿಸ್ಟರಿನಲ್ಲಿ ಬರುತ್ತಿತ್ತು, ಎರಡನೆಯದು ಎಂಕ್ಯೂನಲ್ಲಿ, ಮೂರನೆಯದು ಆರ್ಗ್3 ಎಂಬ ನಿಗದಿತ ಜಾಗದಲ್ಲಿ. 'ಎಕ್ಸ್' ಎಂಬ ಹೆಸರು ಅನುವಾದದ ಹೊತ್ತಿಗೇ ಕರಗಿಹೋಗಿರುತ್ತದೆ. ಉಳಿಯುವುದು 'ಇಂಥ ಜಾಗದಲ್ಲಿರುವುದನ್ನು ತೆಗೆದುಕೋ' ಎಂಬ ಆಜ್ಞೆ ಮಾತ್ರ. ಪಟ್ಟಿ ಹುಡುಕುವ ಕೆಲಸವೇ ಇಲ್ಲದ್ದರಿಂದ ವೇಗ. ಆದರೆ ಪಟ್ಟಿಯಲ್ಲಿ ಏನನ್ನೂ ಬರೆಯದ ಮೇಲೆ ಆ ಪಟ್ಟಿಯನ್ನು ನಂಬಿ ಕೂತವರ ಗತಿಯೇನು?

ಉದಾಹರಣೆಗೆ, 'ಸಾಲ' ಎಂಬ ಫಂಕ್ಷನ್ 'ದರ' ಎಂಬ ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತದೆ, ಬೆಲೆ 8. ಅದು 'ಬಡ್ಡಿ' ಎಂಬ ಇನ್ನೊಂದು ಫಂಕ್ಷನ್ ಅನ್ನು ಕರೆಯುತ್ತದೆ. 'ಬಡ್ಡಿ'ಗೆ ದರವನ್ನು ಯಾರೂ ಕೈಗೆ ಕೊಟ್ಟಿಲ್ಲ, ಆದರೆ ಅದು ತನ್ನ ಲೆಕ್ಕದಲ್ಲಿ 'ದರ' ಎಂಬ ಹೆಸರನ್ನು ಬಳಸುತ್ತದೆ. ಇಂಟರ್‌ಪ್ರಿಟರಿನಲ್ಲಿ ಪಟ್ಟಿ ನೋಡಿದರೆ ಆಗಷ್ಟೇ 'ಸಾಲ' ಬರೆದ 8 ಸಿಗುತ್ತದೆ, ಲೆಕ್ಕ ಸರಿ. ಈಗ 'ಸಾಲ'ವನ್ನು ಮಾತ್ರ ಕಂಪೈಲ್ ಮಾಡಲಾಯಿತು ಎನ್ನೋಣ. 8 ಎಂಬುದು ಎಸಿಯಲ್ಲೋ ಇನ್ನೆಲ್ಲೋ ಹೆಸರಿಲ್ಲದೆ ಕೂತಿದೆ. 'ಬಡ್ಡಿ' ಪಟ್ಟಿ ಹುಡುಕಿದರೆ 'ದರ' ಇಲ್ಲ. ಅದೃಷ್ಟ ಚೆನ್ನಾಗಿದ್ದರೆ ಯಂತ್ರ ಇಂಥ ಹೆಸರೇ ಇಲ್ಲ ಎಂದು ಅಲ್ಲೇ ನಿಲ್ಲುತ್ತದೆ. ಅದೃಷ್ಟ ಕೆಟ್ಟಿದ್ದರೆ ಬೆಳಿಗ್ಗೆ ಯಾರೋ ಬೇರೆ ಕೆಲಸಕ್ಕೆಂದು ಇಟ್ಟಿದ್ದ 12 ಎಂಬ ಹಳೆಯ 'ದರ' ಸಿಕ್ಕಿ, ಸದ್ದಿಲ್ಲದೆ ಅದರಲ್ಲೇ ಲೆಕ್ಕ ಮುಗಿಯುತ್ತದೆ. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗಿಲ್ಲ. ಬದಲಾಗಿರುವುದು ಅದನ್ನು ಓಡಿಸಿದ ವಿಧಾನ.

ಇದು ಅಪರೂಪಕ್ಕೆ ಎದುರಾಗುವ ಸಂದರ್ಭವೂ ಅಲ್ಲ. ಲಿಸ್ಪ್ ಬಳಸುವವರ ದಿನಚರಿಯೇ ಹಾಗಿತ್ತು: ಮೊದಲು ಇಂಟರ್‌ಪ್ರಿಟರಿನಲ್ಲಿ ಬರೆದು ಪರೀಕ್ಷಿಸುವುದು, ಸರಿಯಾಗಿದೆ ಎನಿಸಿದ ಫಂಕ್ಷನ್‌ಗಳನ್ನು ಒಂದೊಂದಾಗಿ ಕಂಪೈಲ್ ಮಾಡುತ್ತ ಹೋಗುವುದು. ಯಾವುದೇ ದಿನ ನೋಡಿದರೂ ಅರ್ಧ ಪ್ರೋಗ್ರಾಮು ಈ ಕಡೆ, ಅರ್ಧ ಆ ಕಡೆ. ಎರಡು ಫಂಕ್ಷನ್‌ಗಳಿದ್ದರೆ ನಾಲ್ಕು ಜೋಡಣೆ, ಮೂರಿದ್ದರೆ ಎಂಟು. ಪರೀಕ್ಷೆ ಮಾಡಿದ್ದು ಒಂದು ಜೋಡಣೆಯನ್ನು, ಕೆಲಸಕ್ಕೆ ಹಚ್ಚಿದ್ದು ಇನ್ನೊಂದನ್ನು.

1962ರ ಲಿಸ್ಪ್ 1.5 ಕೈಪಿಡಿ ಇದಕ್ಕೆ ಎರಡು ಮದ್ದು ಕೊಟ್ಟಿತು. ಒಂದರ ಹೆಸರು ಸ್ಪೆಷಲ್. ಹಾಗೆಂದು ಘೋಷಿಸಿದ ಹೆಸರಿಗೆ ನೆನಪಿನಲ್ಲಿ ಒಂದು ಖಾಯಂ ಗೂಡು ಸಿಗುತ್ತದೆ. ಕಂಪೈಲ್ ಆದ ಫಂಕ್ಷನ್‌ಗಳು ಆ ಗೂಡಿನ ಮೂಲಕ ತಮ್ಮತಮ್ಮಲ್ಲಿ ಬೆಲೆಗಳನ್ನು ದಾಟಿಸಿಕೊಳ್ಳಬಹುದು. ಆದರೆ ಇಂಟರ್‌ಪ್ರಿಟರ್ ಆ ಗೂಡಿನ ಕಡೆ ತಿರುಗಿಯೂ ನೋಡದು. ಎರಡು ಲೋಕಗಳ ನಡುವೆ ದಾಟಬೇಕಾದ ಹೆಸರಿಗೆ ಕಾಮನ್ ಎಂಬ ಇನ್ನೊಂದು ಘೋಷಣೆ ಬೇಕು. ಆಗ ಕಂಪೈಲ್ ಆದ ಕೋಡೂ ಆ ಒಂದು ಹೆಸರಿಗಾಗಿ ಹಳೆಯ ಎ-ಲಿಸ್ಟಿಗೆ ಇಳಿದು ಬರುತ್ತದೆ, ನಿಧಾನವಾಗಿ. ಎರಡೂ ಮದ್ದು ಕೆಲಸ ಮಾಡುತ್ತಿದ್ದವು. ಆದರೆ ಯಾವ ಹೆಸರು ಯಾವ ಗಡಿ ದಾಟುತ್ತದೆ ಎಂಬ ಲೆಕ್ಕವನ್ನು ಇಟ್ಟುಕೊಳ್ಳುವ ಹೊಣೆ ಬಂದದ್ದು ಪ್ರೋಗ್ರಾಮರ್ ತಲೆಗೆ. ಭಾಷೆಯೇ ಉತ್ತರಿಸಬೇಕಾದ ಪ್ರಶ್ನೆಯನ್ನು ಬಳಸುವವರ ಜ್ಞಾಪಕಶಕ್ತಿಗೆ ಒಪ್ಪಿಸಿದ ಹಾಗಾಯಿತು. ಅನಂತರದ ಬಹುಪಾಲು ರಗಳೆಯ ಬೇರು ಈ ಒಂದು ನಿರ್ಧಾರದಲ್ಲಿದೆ.

ಆರ್ಗ್ಯುಮೆಂಟುಗಳದ್ದೇ ಇನ್ನೊಂದು ತಂಟೆಯಿತ್ತು. ಸಾಮಾನ್ಯವಾಗಿ ಲಿಸ್ಪ್ ಆರ್ಗ್ಯುಮೆಂಟುಗಳ ಬೆಲೆ ಕಟ್ಟಿಯೇ ಫಂಕ್ಷನ್‌ಗೆ ದಾಟಿಸುತ್ತದೆ. ಎರಡು ಕೂಡಿಸು ಮೂರು ಎಂದು ಬರೆದರೆ ಫಂಕ್ಷನ್ ಕೈಗೆ ಹೋಗುವುದು ಐದು. ಆದರೆ ಫೆಕ್ಸ್‌ಪರ್ ಎಂಬ ಒಂದು ವಿಶೇಷ ಜಾತಿಯ ಫಂಕ್ಷನ್‌ಗೆ ಬರೆದದ್ದನ್ನು ಬರೆದ ಹಾಗೆಯೇ, ಬೇಯಿಸದೆ, ಕೊಡಬೇಕು. ಇಂಟರ್‌ಪ್ರಿಟರಿಗೆ ಇದು ತೊಡಕಲ್ಲ: ಕರೆಯುವ ಕ್ಷಣದಲ್ಲಿ ಎದುರಿನ ಫಂಕ್ಷನ್ ಯಾವ ಜಾತಿ ಎಂದು ನೋಡಿ ಹಾಗೆಯೇ ನಡೆದುಕೊಳ್ಳುತ್ತದೆ. ಕಂಪೈಲರ್ ಮುಂಚೆಯೇ ತೀರ್ಮಾನಿಸಬೇಕು. ಆ ಫಂಕ್ಷನ್‌ನ ವ್ಯಾಖ್ಯೆ ಇನ್ನೊಂದು ಕಡತದಲ್ಲಿದ್ದರೆ ಕಂಪೈಲರಿಗೆ ಗೊತ್ತಾಗುವ ದಾರಿಯಿಲ್ಲ; ಎಲ್ಲವೂ ಸಾಮಾನ್ಯ ಫಂಕ್ಷನ್ ಎಂದುಕೊಂಡು ಬೇಯಿಸಿ ಬಡಿಸುವ ಆಜ್ಞೆಯನ್ನು ಬರೆದಿಡುತ್ತದೆ. ಹಸಿ ತರಕಾರಿ ಕೇಳಿದವರ ತಟ್ಟೆಗೆ ಪಲ್ಯ ಬಂದ ಹಾಗೆ. ಎಂಐಟಿಯ ಮ್ಯಾಕ್‌ಲಿಸ್ಪ್‌ನಲ್ಲಿ ಇದಕ್ಕೂ ಮುಂಗಡ ಘೋಷಣೆಗಳಿದ್ದವು: ಇದು ಫೆಕ್ಸ್‌ಪರ್, ಇದು ಅಲ್ಲ ಎಂದು ಕಡತದ ಆರಂಭದಲ್ಲೇ ಬರೆದುಕೊಡಬೇಕು. 1980ರಲ್ಲಿ ಕೆಂಟ್ ಪಿಟ್ಮನ್ ಸ್ಟ್ಯಾನ್‌ಫರ್ಡ್‌ನ ಲಿಸ್ಪ್ ಸಮ್ಮೇಳನಕ್ಕೆ ಬರೆದ ಪ್ರಬಂಧದಲ್ಲಿ ಫೆಕ್ಸ್‌ಪರ್ ಪದ್ಧತಿಯನ್ನೇ ಬಿಟ್ಟುಬಿಡಿ ಎಂದು ವಾದಿಸಿದರು: ಕಂಪೈಲರಿನಂತೆ ಪ್ರೋಗ್ರಾಮನ್ನು ಓದಿ ಅರ್ಥಮಾಡಿಕೊಳ್ಳಬೇಕಾದ ಯಾವ ಸಾಧನಕ್ಕೂ ಅದು ಅಪಾರದರ್ಶಕ. ಕೆಲವೇ ವರ್ಷಗಳಲ್ಲಿ ಅವರ ಮಾತೇ ನಡೆಯಿತು.

ಸ್ಲೇಗಲ್ ಕತೆ ಈ ನಡುವೆ ಬೇರೊಂದು ದಾರಿಯಲ್ಲಿ ಮುಂದುವರಿದಿತ್ತು. 1961ರಲ್ಲಿ ಅವರು ಮಿನ್ಸ್ಕಿಯ ಮಾರ್ಗದರ್ಶನದಲ್ಲಿ, ಕಾಲೇಜಿನ ಮೊದಲ ವರ್ಷದ ಇಂಟಿಗ್ರೇಶನ್ ಲೆಕ್ಕಗಳನ್ನು ಸಂಕೇತಗಳಲ್ಲೇ ಬಿಡಿಸುವ ಸೇಂಟ್ ಎಂಬ ಲಿಸ್ಪ್ ಪ್ರೋಗ್ರಾಮಿಗೆ ಡಾಕ್ಟರೇಟ್ ಪಡೆದರು. 1967ರಲ್ಲಿ ಅದೇ ಮಿನ್ಸ್ಕಿಯ ಇನ್ನೊಬ್ಬ ಶಿಷ್ಯ ಜೋಯಲ್ ಮೋಸೆಸ್ ಅದಕ್ಕಿಂತ ಬಲವಾದ ಸಿನ್ ಎಂಬುದನ್ನು ಬರೆದರು. ಇಂಗ್ಲಿಷಿನಲ್ಲಿ ಸಂತನ ಹಿಂದೆ ಪಾಪ ಬಂದದ್ದು ಬೇಕೆಂದೇ ಮಾಡಿದ ಚೇಷ್ಟೆ. ಅಲ್ಲಿಂದ ಬೆಳೆದದ್ದು ಮ್ಯಾಕ್‌ಸಿಮಾ, ಗಣಿತವನ್ನು ಸಂಕೇತಗಳಲ್ಲಿ ಮಾಡುವ ಬೃಹತ್ ವ್ಯವಸ್ಥೆ. ಇಂಥ ವ್ಯವಸ್ಥೆಗೆ ಕಂಪೈಲರ್ ಇಲ್ಲದೆ ಉಸಿರಿಲ್ಲ. ಕೊಟ್ಟ ಉತ್ತರ ತಪ್ಪಾದರೆ ಅದರ ಬಾಳಿಗೆ ಅರ್ಥವೂ ಇಲ್ಲ.

ಅದೇ ಮೋಸೆಸ್ 1970ರ ಜೂನ್‌ನಲ್ಲಿ ಒಂದು ಟಿಪ್ಪಣಿ ಬರೆದು, ಫನ್‌ಆರ್ಗ್ ಸಮಸ್ಯೆ ಎಂಬ ಹೆಸರೇ ತಪ್ಪು, ಇದು ಪರಿಸರದ ಸಮಸ್ಯೆ ಎಂದರು. ಫಂಕ್ಷನ್ ಅನ್ನು ಆರ್ಗ್ಯುಮೆಂಟಾಗಿ ಕಳಿಸುವುದರಲ್ಲಿ ದೋಷವಿಲ್ಲ. ಹೆಸರುಗಳಿಗೆ ಬೆಲೆ ಕೊಡುವ ಪರಿಸರವನ್ನು ಎಲ್ಲಿ, ಎಷ್ಟು ಹೊತ್ತು ಉಳಿಸಿಕೊಳ್ಳಬೇಕು ಎಂಬುದು ಪ್ರಶ್ನೆ. ಕಂಪೈಲ್ ಆದ ಕೋಡು ಬೆಲೆಗಳನ್ನು ಸ್ಟ್ಯಾಕ್‌ನಲ್ಲಿ, ತಟ್ಟೆಗಳನ್ನು ಪೇರಿಸಿದ ಹಾಗೆ ಒಂದರ ಮೇಲೊಂದು ಇಡುತ್ತದೆ. ಕೆಲಸ ಮುಗಿದರೆ ಮೇಲಿನ ತಟ್ಟೆ ಹೋಗುತ್ತದೆ. ಫಂಕ್ಷನ್ ಅನ್ನು ಒಳಗಿನ ಕರೆಗಳಿಗೆ ಆರ್ಗ್ಯುಮೆಂಟಾಗಿ ಕಳಿಸಿದರೆ ಅದರ ತಟ್ಟೆ ಕೆಳಗೆ ಇನ್ನೂ ಇರುತ್ತದೆ, ಹೇಗೋ ನಿಭಾಯಿಸಬಹುದು. ಅದೇ ಫಂಕ್ಷನ್ ಅನ್ನು ಉತ್ತರವಾಗಿ ಹೊರಗೆ ಕೊಟ್ಟರೆ ಅದು ಕೈಗೆ ಬರುವ ಹೊತ್ತಿಗೆ ತಟ್ಟೆ ತೊಳೆದಿಟ್ಟಾಗಿದೆ. ಪರಿಸರವನ್ನು ಉಳಿಸಿಕೊಳ್ಳಲು ಸ್ಟ್ಯಾಕನ್ನು ಮರದ ಹಾಗೆ ಕವಲೊಡೆಸಬೇಕು. ಕವಲೊಡೆಸಿದರೆ ವೇಗ ಹೋಗುತ್ತದೆ.

ಡ್ಯಾನಿಯಲ್ ಬಾಬ್ರೋ ಮತ್ತು ಬೆನ್ ವೆಗ್ಬ್ರೈಟ್ 1973ರಲ್ಲಿ ಅಂಥದೇ ಒಂದು ಕವಲು ಸ್ಟ್ಯಾಕನ್ನು ಪ್ರಕಟಿಸಿದರು. ಜನ ಅದಕ್ಕೆ ಸ್ಪಗೆಟಿ ಸ್ಟ್ಯಾಕ್ ಎಂದು ಹೆಸರಿಟ್ಟರು. ಶ್ಯಾವಿಗೆಯ ತಟ್ಟೆಯಲ್ಲಿ ಒಂದೆಳೆಯನ್ನು ಹಿಡಿದು ಎಳೆದವರಿಗೆ ಆ ಹೆಸರಿನ ಔಚಿತ್ಯ ಗೊತ್ತು. ಅದನ್ನು ಅಳವಡಿಸಿಕೊಂಡ ಇಂಟರ್‌ಲಿಸ್ಪ್ ಕಂಪೈಲ್ ಆದ ಕೋಡಿನಲ್ಲೂ ಹೆಸರುಗಳನ್ನು ಉಳಿಸಿಕೊಂಡಿತು. ಎರಡು ಲೋಕಗಳೂ ಡೈನಮಿಕ್ ಅರ್ಥದಲ್ಲೇ ಒಂದಾದವು, ಸ್ವಲ್ಪ ವೇಗವನ್ನು ತೆತ್ತು.

ಬೇರೆ ದಾರಿ ತೋರಿಸಿದವರು ಎಂಐಟಿಯ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್, 1975ರಲ್ಲಿ. ಅವರು ಹೊರಟದ್ದು ಈ ಬಗ್ ಹಿಡಿಯಲಿಕ್ಕಲ್ಲ. ಕಾರ್ಲ್ ಹ್ಯೂಯಿಟ್ ಅವರ ಆಕ್ಟರ್ ಸಿದ್ಧಾಂತವನ್ನು ಅರ್ಥಮಾಡಿಕೊಳ್ಳಲು ಮ್ಯಾಕ್‌ಲಿಸ್ಪ್‌ನಲ್ಲಿ ಒಂದು ಆಟಿಕೆಯಂಥ ಇಂಟರ್‌ಪ್ರಿಟರ್ ಬರೆದರು. ಅದರಲ್ಲಿ ಫಂಕ್ಷನ್ ಎಂದರೆ ತನ್ನ ಹುಟ್ಟೂರಿನ ಹೆಸರುಗಳನ್ನು ಸದಾ ಜೊತೆಗಿಟ್ಟುಕೊಂಡದ್ದು. ಪೀಟರ್ ಲ್ಯಾಂಡಿನ್ 1964ರಲ್ಲೇ ಇದಕ್ಕೆ ಕ್ಲೋಷರ್ ಎಂದು ಹೆಸರಿಟ್ಟಿದ್ದರು. ಬರೆದು ಮುಗಿಸಿ ನೋಡಿದರೆ ಆಕ್ಟರನ್ನು ಓಡಿಸುವ ಕೋಡೂ ಫಂಕ್ಷನ್ ಅನ್ನು ಓಡಿಸುವ ಕೋಡೂ ಒಂದೇ ಆಗಿತ್ತು. ಆ ಭಾಷೆಗೆ ಸ್ಕೀಮರ್ ಎಂದು ಹೆಸರಿಡಬೇಕೆಂದಿದ್ದರು. ಕಡತದ ಹೆಸರಿಗೆ ಆರೇ ಅಕ್ಷರದ ಮಿತಿಯಿದ್ದುದರಿಂದ ಸ್ಕೀಮ್ ಆಯಿತು. ಸ್ಟೀಲ್ 1978ರಲ್ಲಿ ಸ್ಕೀಮ್‌ಗೆ ರ್‍ಯಾಬಿಟ್ ಎಂಬ ಕಂಪೈಲರ್ ಬರೆದು, ಲೆಕ್ಸಿಕಲ್ ಅರ್ಥವಿರುವ ಭಾಷೆಯನ್ನು ವೇಗವಾಗಿಯೇ ಓಡಿಸಬಹುದು ಎಂದು ತೋರಿಸಿದರು. ನಿಜಕ್ಕೂ ಕಂಪೈಲರಿಗೆ ಲೆಕ್ಸಿಕಲ್ ಅರ್ಥವೇ ಹಿತ: ಬರೆದದ್ದನ್ನು ಓದಿಯೇ ಯಾವ ಹೆಸರು ಯಾವ ಜಾಗ ಎಂದು ಹೇಳಬಹುದು, ಓಡುವ ತನಕ ಕಾಯಬೇಕಿಲ್ಲ. ಹಾಗೆ ನೋಡಿದರೆ 1962ರ ಕಂಪೈಲರ್ ವೇಗಕ್ಕಾಗಿ ಮಾಡಿಕೊಂಡ ಅಡ್ಡದಾರಿ ಮೆಕಾರ್ಥಿಗೆ ಬೇಕಾಗಿದ್ದ ಅರ್ಥಕ್ಕೆ ಹತ್ತಿರವಾಗಿತ್ತು. ನಿಷ್ಠೆಯಿಂದ ಪಟ್ಟಿ ಓದುತ್ತಿದ್ದ ಇಂಟರ್‌ಪ್ರಿಟರೇ ದೂರ ಹೋಗಿದ್ದದ್ದು.

1980ರ ದಶಕದ ಹೊತ್ತಿಗೆ ಲಿಸ್ಪ್ ಹಲವು ಒಳಭಾಷೆಗಳಾಗಿ ಒಡೆದಿತ್ತು. ಅವನ್ನು ಒಂದುಗೂಡಿಸಲು ಹುಟ್ಟಿದ ಕಾಮನ್ ಲಿಸ್ಪ್‌ನ ಗ್ರಂಥವನ್ನು ಸ್ಟೀಲ್ 1984ರಲ್ಲಿ ಪ್ರಕಟಿಸಿದರು. ಅದು ಮೊದಲಿಗೇ ಪಟ್ಟಿ ಮಾಡುವ ಗುರಿಗಳಲ್ಲಿ ಇದೂ ಒಂದು: ಬಹುತೇಕ ಲಿಸ್ಪ್‌ಗಳಲ್ಲಿ ಇಂಟರ್‌ಪ್ರಿಟರ್ ಎಲ್ಲ ಹೆಸರನ್ನೂ ಡೈನಮಿಕ್ ಎಂದುಕೊಳ್ಳುತ್ತದೆ, ಕಂಪೈಲರ್ ಬೇರೆ ಹೇಳದಿದ್ದರೆ ಎಲ್ಲವನ್ನೂ ಸ್ಥಳೀಯ ಎಂದುಕೊಳ್ಳುತ್ತದೆ, ಇನ್ನು ಮುಂದೆ ಸರಿಯಾದ ಪ್ರೋಗ್ರಾಮಿಗೆ ಇಬ್ಬರೂ ಒಂದೇ ಅರ್ಥ ಕೊಡಬೇಕು. ಲೆಕ್ಸಿಕಲ್ ಎಂಬುದು ರೂಢಿಯಾಯಿತು. ಡೈನಮಿಕ್ ಬೇಕಾದವರು ಸ್ಪೆಷಲ್ ಎಂದು ಬರೆಯಬೇಕು; 1962ರ ಪದವೇ ಉಳಿಯಿತು, ಆದರೆ ಈಗ ಇಬ್ಬರೂ ಅದಕ್ಕೆ ಬದ್ಧರು. ಫೆಕ್ಸ್‌ಪರ್ ಹೊರಗೆ ಬಿತ್ತು. ಸ್ಲೇಗಲ್ ಬರೆದ ಫಂಕ್ಷನ್ ಅನ್ನು ಕಾಮನ್ ಲಿಸ್ಪ್‌ಗೆ ಇಳಿಸಿ ಇಂಟರ್‌ಪ್ರಿಟರಿಗೆ ಕೊಟ್ಟರೂ ಕಂಪೈಲ್ ಮಾಡಿದರೂ 'ಎಡ' ಎಂದರೆ ಚೀಟಿ ಬರೆದವರ ಎಡವೇ.

ಅರ್ಥದ ಜಗಳ ಮುಗಿದರೂ ಸಾಮಾನು ಸಾಗಿಸುವ ಕೆಲಸ ಮುಗಿಯಲಿಲ್ಲ. 1999ರಲ್ಲಿ ಬಂದ ಜಾವಾದ ಹಾಟ್‌ಸ್ಪಾಟ್ ಯಂತ್ರದಲ್ಲೂ ಪ್ರೋಗ್ರಾಮು ಮೊದಲು ಇಂಟರ್‌ಪ್ರಿಟರಿನಲ್ಲಿ ಓಡಿ, ಬಿಸಿಯಾದ ಭಾಗಗಳು ಮಾತ್ರ ಕಂಪೈಲ್ ಆಗುತ್ತವೆ. ಇಂಟರ್‌ಪ್ರಿಟರ್ ಆರ್ಗ್ಯುಮೆಂಟುಗಳನ್ನು ಸ್ಟ್ಯಾಕ್‌ನಲ್ಲಿ ಇಡುತ್ತದೆ, ಕಂಪೈಲ್ ಆದ ಕೋಡು ಆದಷ್ಟನ್ನು ರಿಜಿಸ್ಟರುಗಳಲ್ಲಿ ನಿರೀಕ್ಷಿಸುತ್ತದೆ. ಎರಡರ ನಡುವಿನ ಹೊಸ್ತಿಲಲ್ಲಿ ಅಡಾಪ್ಟರ್ ಎಂಬ ಪುಟ್ಟ ಕೋಡುಗಳಿವೆ. ದಾಟುವ ಪ್ರತಿ ಆರ್ಗ್ಯುಮೆಂಟನ್ನೂ ಎತ್ತಿ ಆಚೆಯವರಿಗೆ ಬೇಕಾದ ಜಾಗದಲ್ಲಿ ಇಡುವುದು ಅವುಗಳ ಕೆಲಸ. ಬರೆಯುವವರು ಇದನ್ನು ಘೋಷಿಸಬೇಕಿಲ್ಲ, ಹೀಗೊಂದು ಹೊಸ್ತಿಲಿದೆ ಎಂದು ತಿಳಿದಿರಬೇಕಾಗಿಯೂ ಇಲ್ಲ.

ಎಂಐಟಿಯಲ್ಲೇ ಬೆಳೆದ ರಿಚರ್ಡ್ ಸ್ಟಾಲ್‌ಮನ್ ಮಾತ್ರ ಹಳೆಯ ಪಕ್ಷದಲ್ಲೇ ಉಳಿದರು. ಬಳಸುವವರು ತಮಗೆ ಬೇಕಾದ ಹಾಗೆ ಮಾರ್ಪಡಿಸಿಕೊಳ್ಳುವ ಎಡಿಟರಿಗೆ ಡೈನಮಿಕ್ ಅರ್ಥವೇ ಒಳ್ಳೆಯದು, ಬೇರೆಯವರು ಬರೆದ ಫಂಕ್ಷನ್‌ನ ನಡತೆಯನ್ನು ಅದನ್ನು ಮುಟ್ಟದೆಯೇ ಬದಲಿಸಬಹುದು ಎಂದು 1981ರಲ್ಲೇ ವಾದಿಸಿದ್ದರು. ವಾದದಲ್ಲಿ ಹುರುಳಿತ್ತು. 1985ರ ಗ್ನೂ ಇಮ್ಯಾಕ್ಸ್‌ನ ಲಿಸ್ಪ್ ಹಾಗೆಯೇ ಬಂತು, ಇಂಟರ್‌ಪ್ರಿಟರಿನಲ್ಲೂ ಕಂಪೈಲ್ ಆದ ಮೇಲೂ ಡೈನಮಿಕ್. 2012ರ ಜೂನ್‌ನಲ್ಲಿ ಇಮ್ಯಾಕ್ಸ್‌ನ 24ನೇ ಆವೃತ್ತಿ ಕೊನೆಗೂ ಲೆಕ್ಸಿಕಲ್ ಅರ್ಥವನ್ನು ಒಳಗೆ ಬಿಟ್ಟುಕೊಂಡಿತು, ಒಂದು ಷರತ್ತಿನ ಮೇಲೆ: ಬೇಕಾದವರು ಕಡತದ ಮೊದಲ ಸಾಲಿನಲ್ಲೇ 'ಲೆಕ್ಸಿಕಲ್-ಬೈಂಡಿಂಗ್: ಟಿ' ಎಂದು ಬರೆಯಬೇಕು. ಆ ಸಾಲಿಲ್ಲದ ಕಡತಗಳು 1985ರ ಅರ್ಥದಲ್ಲೇ ಓಡಿದವು.